ಸ್ತ್ರೀಯರ ಸೇವೆಯನ್ನು ಊರಿನ ಸ್ತ್ರೀಯರ ಕೈಗೆ ಕೊಡಿ: ನಮ್ಮ ಮೆಥೋಡಿಸ್ಟ್ ಹಿರಿಯರಿಗೆ ಒಂದು ಬಹಿರಂಗ ಪತ್ರ

ನಮ್ಮ ಕಾನ್ಫರೆನ್ಸಿನ ಹಿರಿಯರಿಗೆ, ಜಿಲ್ಲಾ ಮೇಲ್ವಿಚಾರಕರಿಗೆ, ಸಭಾಪಾಲಕರಿಗೆ ಮತ್ತು ಪಾಸ್ಟರೇಟ್ ಕಮಿಟಿಯ ಎಲ್ಲ ಸದಸ್ಯರಿಗೆ,

ಮಾನ್ಯರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿಮಗೆಲ್ಲ ವಂದನೆಗಳು.

ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಮೆಥೋಡಿಸ್ಟ್ ಸಭೆಯವಳು. ಸಭೆಯ ಸ್ತ್ರೀಯರ ಸಂಘದ ಲೆಕ್ಕ ಬರೆಯುವ ಕೆಲಸ ನನ್ನದು. ಮೇಲಿನ ಹಂತದಲ್ಲಿ ಇದನ್ನು ಡಬ್ಲ್ಯು.ಎಸ್.ಸಿ.ಎಸ್. (ವುಮನ್ಸ್ ಸೊಸೈಟಿ ಆಫ್ ಕ್ರಿಶ್ಚಿಯನ್ ಸರ್ವಿಸ್) ಅನ್ನುತ್ತಾರೆ, ಊರಲ್ಲಿ ನಾವು ಸುಮ್ನೆ ಸಂಘ ಅನ್ನುತ್ತೇವೆ. ಈ ಪತ್ರದಲ್ಲಿ ಊರಿನ ಹೆಸರು ಬರೆದಿಲ್ಲ, ಯಾವ ಪಾಸ್ಟರ ಹೆಸರನ್ನೂ ಬರೆದಿಲ್ಲ. ಯಾರನ್ನೂ ಬೀದಿಗೆ ತರುವ ಉದ್ದೇಶ ನಮಗಿಲ್ಲ. ಸುತ್ತಲಿನ ಬೇರೆ ಸಭೆಗಳ ಹೆಣ್ಣುಮಕ್ಕಳೂ ಜಾತ್ರೆಯಲ್ಲಿ, ಕನ್ವೆನ್ಷನ್‌ನಲ್ಲಿ ಸಿಕ್ಕಾಗ ಇದೇ ಮಾತು ಹೇಳುತ್ತಾರೆ. ಹಾಗಾಗಿ ಇದು ಒಂದು ಸಭೆಯ ದೂರು ಅಂತ ಪಕ್ಕಕ್ಕೆ ಇಡಬೇಡಿ.

ಬಹಿರಂಗವಾಗಿ ಯಾಕೆ ಬರೆದಿರಿ ಅಂತ ಕೇಳುತ್ತೀರಿ. ನಾವು ಮೊದಲು ಬಾಯಲ್ಲಿ ಹೇಳಿದೆವು. ಆಮೇಲೆ ಸಹಿ ಮಾಡಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ಮನವಿ ಕೊಟ್ಟೆವು. "ನೋಡೋಣ" ಅಂದರು. ಆ ಮನವಿಯನ್ನು ಪಾಸ್ಟರೇಟ್ ಕಮಿಟಿಯ, ಅಂದರೆ ಒಬ್ಬ ಪಾಸ್ಟರ ಊರುಗಳನ್ನೆಲ್ಲ ನೋಡಿಕೊಳ್ಳುವ ಕಮಿಟಿಯ, ಮುಂದೆ ಓದಲೇ ಇಲ್ಲ. ನಮ್ಮ ವೇದವಾದ ಬೈಬಲಿನಲ್ಲೇ ಇಂಥ ಒಂದು ದೂರು ಇದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗುಣುಗುಟ್ಟುವಿಕೆ ಎದ್ದಿತು. ಯೇಸುವಿನ ಶಿಷ್ಯರಾದ ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಸಭೆಯನ್ನೆಲ್ಲ ಕರೆದರು, ಏಳು ಮಂದಿಯನ್ನು ನೀವೇ ಆರಿಸಿ ಅಂದರು, ಸಭೆ ಆರಿಸಿದವರಿಗೆ ಕೆಲಸ ಒಪ್ಪಿಸಿದರು. ವಿಧವೆಯರ ದೂರಿನಿಂದ ಸಭೆಯಲ್ಲಿ ಒಂದು ಹೊಸ ವ್ಯವಸ್ಥೆಯೇ ಬಂತು. ನಾವು ನಿಮ್ಮಿಂದ ಕೇಳುತ್ತಿರುವುದೂ ಅಷ್ಟೇ.

ನಮ್ಮ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸ್ತ್ರೀಯರ ಸೇವೆ ಪಾಸ್ಟರಮ್ಮನ, ಅಂದರೆ ಪಾಸ್ಟರ ಹೆಂಡತಿಯ, ಜೊತೆ ಬಂದು, ಪಾಸ್ಟರಮ್ಮನ ಜೊತೆ ಹೋಗಬಾರದು. ಅದು ಊರಲ್ಲೇ ಇರುವ ಹೆಣ್ಣುಮಕ್ಕಳ ಕೈಯಲ್ಲಿ ಇರಬೇಕು. ಅದರ ಹಣ, ಅದರ ವೇಳೆ, ಅದರ ನಾಯಕತ್ವ ಮೂರೂ ಅವರದ್ದೇ ಆಗಿರಬೇಕು.

ವರ್ಗಾವಣೆಯ ವಿಷಯದಿಂದ ಶುರು ಮಾಡುತ್ತೇನೆ. ಪಾಸ್ಟರುಗಳೂ ಸಭೆಗಳ ಪ್ರತಿನಿಧಿಗಳೂ ಕೂಡುವ ಕಾನ್ಫರೆನ್ಸ್ ಮುಗಿಯುವಾಗ ಬಿಷಪ್ಪರು ನೇಮಕಗಳ ಪಟ್ಟಿ ಓದುತ್ತಾರೆ. ಯಾವ ಪಾಸ್ಟರು ಯಾವ ಊರಿಗೆ ಅಂತ ಅಲ್ಲಿ ಗೊತ್ತಾಗುತ್ತದೆ. ಬೋಧಕರು ಒಂದೇ ಕಡೆ ಬೇರೂರಬಾರದು ಅನ್ನುವುದು ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರ ಕಾಲದಿಂದ ಬಂದ ಪದ್ಧತಿ. ಅದರ ಮೇಲೆ ನಮಗೆ ತಕರಾರಿಲ್ಲ. ಒಳ್ಳೆಯ ಪಾಸ್ಟರು ಹೋಗುವಾಗ ಅಳುತ್ತೇವೆ, ಹೊಸಬರು ಬಂದಾಗ ಹಾರ ಹಾಕುತ್ತೇವೆ. ಆದರೆ ಪಾಸ್ಟರ ಹೆಂಡತಿಯೇ ಸಂಘದ ಅಧ್ಯಕ್ಷೆ ಅನ್ನುವ ರೂಢಿ ನಮ್ಮಲ್ಲಿದೆ. ಚುನಾವಣೆ ಇಲ್ಲ, ಆಕೆಯನ್ನು ಒಂದು ಮಾತು ಕೇಳುವುದೂ ಇಲ್ಲ. ಸಾಮಾನು ಲಾರಿಯಿಂದ ಇಳಿಯುವ ಮೊದಲೇ ಆಕೆ ಅಧ್ಯಕ್ಷೆ ಆಗಿಬಿಟ್ಟಿರುತ್ತಾರೆ.

ಇದರಿಂದ ಏನಾಗುತ್ತದೆ ಅಂತ ನಮ್ಮ ಸಂಘದ ರಿಜಿಸ್ಟರ್ ತೆಗೆದು ನೋಡಿದರೆ ಸಾಕು. ಕೆಂಪು ಬಟ್ಟೆಯ ಬೆನ್ನಿನ ದಪ್ಪ ನೋಟ್‌ಬುಕ್ಕು ಅದು. ಒಬ್ಬ ಪಾಸ್ಟರಮ್ಮನ ಕಾಲದಲ್ಲಿ ಪುಟ ಪುಟ ತುಂಬಿವೆ. ಯಾರ ಮನೆಗೆ ಭೇಟಿ ಕೊಟ್ಟೆವು, ಯಾವ ಬಾಣಂತಿಗೆ ಗೋಧಿ ಹುಗ್ಗಿ ಒಯ್ದೆವು, ಯಾರ ಮಗಳು ಶಾಲೆ ಬಿಟ್ಟಳು, ಅವಳನ್ನು ಮತ್ತೆ ಸೇರಿಸಲು ಯಾರು ಹೋದರು, ಎಲ್ಲ ಇದೆ. ಅವರು ರಾತ್ರಿ ಹೊತ್ತು ಅಕ್ಷರ ಕಲಿಸುತ್ತಿದ್ದರು. ನಮ್ಮ ಓಣಿಯ ಒಬ್ಬ ಅವ್ವ ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೋಹಾನನ ಸುವಾರ್ತೆಯ ಮೊದಲ ಸಾಲನ್ನು ಬೆರಳಿಟ್ಟು ಓದಿದಳು. ಆಮೇಲೆ ಅವರಿಗೆ ವರ್ಗವಾಯಿತು. ಆ ಪುಟದ ಕೆಳಗೆ "ವಿದಾಯ ಕೂಟ, ಸೀರೆ ಕಾಣಿಕೆ" ಅಂತ ಬರೆದಿದೆ. ಅದರ ನಂತರದ ಹಾಳೆಗಳು ಖಾಲಿ. ಬರೀ ಖಾಲಿ.

ನಂತರ ಬಂದ ಪಾಸ್ಟರಮ್ಮ ಬೇರೆ ಊರಲ್ಲಿ ಶಾಲಾ ಶಿಕ್ಷಕಿ. ಶನಿವಾರ ಬಂದು ಭಾನುವಾರ ಸಂಜೆ ಬಸ್ಸು ಹಿಡಿಯುತ್ತಿದ್ದರು. ಅವರ ತಪ್ಪೇನಿದೆ? ಪಾಸ್ಟರ ಸಂಬಳ ಎಷ್ಟಿರುತ್ತದೆ, ಅದು ಎಷ್ಟು ತಿಂಗಳು ತಡವಾಗುತ್ತದೆ ಅಂತ ನಿಮಗೆ ಗೊತ್ತಿದೆ. ಆ ಮನೆ ನಡೆಯುತ್ತಿದ್ದದ್ದು ಅವರ ದುಡಿಮೆಯಿಂದ. ಇನ್ನೊಬ್ಬರು ನನ್ನ ಕೈ ಹಿಡಿದು ಹೇಳಿದರು: "ಅಕ್ಕಾ, ನಂಗ ನಾಕ ಮಂದಿ ಮುಂದ ನಿಂತ್ರ ಮಾತೇ ಹೊರಡಂಗಿಲ್ಲ. ನನ್ನ ಯಾಕ ಅಧ್ಯಕ್ಷೆ ಮಾಡಿದ್ರು?" ಒಬ್ಬ ಪುರುಷ ಮದುವೆಯಾದ ಕಾರಣಕ್ಕೆ ಆತನ ಹೆಂಡತಿಗೆ ದೇವರ ಕರೆ ಬಂದಿದೆ ಅಂತ ನಾವು ತೀರ್ಮಾನಿಸುವುದು ಸರಿಯಲ್ಲ. ಆ ಹೆಣ್ಣುಮಗಳಿಗೂ ಅನ್ಯಾಯ, ಕರೆ ಇದ್ದೂ ಕಾಯುತ್ತ ಕೂತ ಊರಿನ ಹೆಣ್ಣುಮಕ್ಕಳಿಗೂ ಅನ್ಯಾಯ. ಆಸಕ್ತಿ ಇರುವ ಪಾಸ್ಟರಮ್ಮನವರನ್ನು ನಾವೇ ಆರಿಸುತ್ತೇವೆ, ತಲೆ ಮೇಲೆ ಹೊತ್ತುಕೊಳ್ಳುತ್ತೇವೆ. ಆದರೆ ಆರಿಸುವುದು ನಮಗೆ ಬಿಟ್ಟಿರಬೇಕು.

ಇನ್ನು ಹಣದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು, ಯಾಕೆಂದರೆ ನೋವು ಜಾಸ್ತಿ ಇರುವುದು ಇಲ್ಲೇ.

ಹಿಡಿ ಅಕ್ಕಿ ಕಾಣಿಕೆ ನಿಮಗೆಲ್ಲ ಗೊತ್ತು. ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇವೆ. ರೊಟ್ಟಿ ಮಾಡುವ ಮನೆಯಲ್ಲಿ ಜೋಳ. ಕೂಲಿ ಸಿಗದ ದಿನವೂ ಆ ಹಿಡಿ ತಪ್ಪುವುದಿಲ್ಲ. ಮಕ್ಕಳಿಗೆ ಬಡಿಸುವಾಗ ಕಡಿಮೆ ಬಿದ್ದರೆ ತಾಯಿ ತನ್ನ ತಾಟಿನಲ್ಲಿ ಕಡಿಮೆ ಮಾಡಿಕೊಳ್ಳುತ್ತಾಳೆ, ಡಬ್ಬಿಗೆ ಕೈ ಹಾಕುವುದಿಲ್ಲ. ಭಾನುವಾರ ಆ ಡಬ್ಬಿಗಳನ್ನು ತಂದು ಚೀಲಕ್ಕೆ ಸುರಿಯುತ್ತೇವೆ. ಆರಾಧನೆ ಮುಗಿದ ಮೇಲೆ ಅದನ್ನು ಹರಾಜು ಹಾಕುತ್ತಾರೆ. ಬಂದ ಹಣ ಸಭೆಯ ಲೆಕ್ಕಕ್ಕೆ ಹೋಗುತ್ತದೆ.

ಅಲ್ಲಿಂದ ಮುಂದೆ ಅದು ನಮ್ಮ ಕೈಗೆ ಸಿಗುವುದಿಲ್ಲ. ಸೌಂಡ್ ಬಾಕ್ಸ್ ಬಂತು, ಗೋಡೆಗೆ ಬಣ್ಣ ಆಯಿತು, ಕನ್ವೆನ್ಷನ್‌ಗೆ ಶಾಮಿಯಾನ ಬಂತು. ಇವು ಬೇಡ ಅಂತ ನಾವು ಹೇಳುತ್ತಿಲ್ಲ. ಆದರೆ ನಮ್ಮ ಸಭೆಯ ಒಬ್ಬ ವಿಧವೆಯ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಾಗ, ಮೊದಲ ಕಂತು ಕಟ್ಟಲು ನಾವು ಸ್ತ್ರೀಯರ ಹಣದಿಂದಲೇ ಸಹಾಯ ಕೇಳಿದೆವು. ಅರ್ಜಿ ಬರೆದು ಕೊಡಿ ಅಂದರು. ಕೊಟ್ಟೆವು. ಕಮಿಟಿ ಕೂಡಲಿ ಅಂದರು. ಕೂಡಿತು. ನಡಾವಳಿ ಪುಸ್ತಕದಲ್ಲಿ ಕಡೆಯ ಸಾಲು ಹೀಗಿದೆ: "ಸ್ತ್ರೀಯರ ಸಂಘದ ವಿಷಯ ಮುಂದೂಡಲಾಯಿತು." ಫೀಸು ಕಟ್ಟುವ ದಿನ ಮುಂದೂಡಲಿಲ್ಲ. ಆ ತಾಯಿ ಕಿವಿಯ ಬೆಂಡೋಲೆ ಒತ್ತೆ ಇಟ್ಟಳು. ಅವಳು ಈಗಲೂ ಹಿಡಿ ಅಕ್ಕಿಯ ಡಬ್ಬಿ ತರುತ್ತಾಳೆ. ಅವಳ ಮುಖ ನೋಡುವುದು ನನಗೆ ಕಷ್ಟವಾಗುತ್ತದೆ.

ಆ ಕಮಿಟಿ ಕೂಡುವುದು ಸಂಜೆ ಆರಕ್ಕೆ. ನಾವು ಹೊಲದಿಂದ ಬಂದು ಒಲೆ ಹಚ್ಚುವ ಹೊತ್ತು. ಅದರಲ್ಲಿ ಸ್ತ್ರೀಯರ ಪರವಾಗಿ ಕೂರುವವರು ಪಾಸ್ಟರಮ್ಮ ಒಬ್ಬರೇ. ಗಂಡನೇ ಅಧ್ಯಕ್ಷತೆ ವಹಿಸಿದ ಕಮಿಟಿಯಲ್ಲಿ ಹೆಂಡತಿ ಎದ್ದು ನಿಂತು ಲೆಕ್ಕ ಕೇಳುವುದು ನಮ್ಮ ಸಮಾಜದಲ್ಲಿ ಎಷ್ಟು ಕಷ್ಟ ಅಂತ ನಾನು ವಿವರಿಸಬೇಕಾಗಿಲ್ಲ.

ಹೆಂಗಸರ ಹಣ ಹೆಂಗಸರ ಕೈಯಲ್ಲಿ ಇರಬೇಕು ಅನ್ನುವುದು ನಾವು ಈಗ ಕಂಡುಹಿಡಿದ ಮಾತಲ್ಲ. ಮೆಥೋಡಿಸ್ಟ್ ಸ್ತ್ರೀಯರ ಸೇವೆ ಭಾರತಕ್ಕೆ ಬಂದದ್ದೇ ಆ ಮಾತಿನ ಮೇಲೆ. 1869ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ಚರ್ಚಿನಲ್ಲಿ ಬೆರಳೆಣಿಕೆಯ ಹೆಂಗಸರು ಸೇರಿದರು. ಅವತ್ತು ಜೋರು ಮಳೆ. ಭಾರತದಿಂದ ಮರಳಿದ್ದ ಇಬ್ಬರು ಮಿಷನರಿ ಹೆಂಡತಿಯರು, ಕ್ಲೆಮೆಂಟಿನಾ ಬಟ್ಲರ್ ಮತ್ತು ಲೋಯಿಸ್ ಪಾರ್ಕರ್, ಇಲ್ಲಿನ ಹೆಣ್ಣುಮಕ್ಕಳ ಸ್ಥಿತಿ ಹೇಳಿದರು. ಗಂಡಸು ಮಿಷನರಿ ಇಲ್ಲಿ ಒಳಮನೆಗೆ ಕಾಲಿಡುವಂತಿಲ್ಲ, ಹೆಣ್ಣು ವೈದ್ಯೆ ಬೇಕು, ಹೆಣ್ಣು ಶಿಕ್ಷಕಿ ಬೇಕು ಅಂದರು. ಆ ಕೆಲವೇ ಹೆಂಗಸರು ವಿದೇಶ ಸೇವೆಗಾಗಿ ಸ್ತ್ರೀಯರದ್ದೇ ಒಂದು ಮಿಷನರಿ ಸಂಘ ಕಟ್ಟಿದರು. ಚಂದಾ ವಾರಕ್ಕೆ ಎರಡು ಸೆಂಟು, ಜೊತೆಗೆ ಒಂದು ಪ್ರಾರ್ಥನೆ. ನಮ್ಮ ಹಿಡಿ ಅಕ್ಕಿಯ ಹಾಗೇ ಅಲ್ವಾ? ನೀವು ಹಣ ಕೂಡಿಸಿ ಕೊಡಿ, ಅದನ್ನು ನಡೆಸುವುದು ನಮಗೆ ಬಿಡಿ ಅಂತ ಮಿಷನ್ ಬೋರ್ಡಿನ ಹಿರಿಯರು ಅಂದರು. ಆ ಹೆಂಗಸರು ಒಪ್ಪಲಿಲ್ಲ. ತಮ್ಮ ಹಣದಿಂದ ಯಾರನ್ನು ಕಳಿಸಬೇಕು, ಎಲ್ಲಿಗೆ ಕಳಿಸಬೇಕು ಅಂತ ತಾವೇ ತೀರ್ಮಾನಿಸಿದರು.

ಹಾಗೆ ಬಂದವರು ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್. 1870ರ ಜನವರಿಯಲ್ಲಿ ಇಬ್ಬರೂ ಮುಂಬೈಯಲ್ಲಿ ಇಳಿದರು. ಕ್ಲಾರಾ ಸ್ವೇನ್ ಬರೇಲಿಯಲ್ಲಿ ಹೆಣ್ಣುಮಕ್ಕಳಿಗೆ ಔಷಧಿ ಕೊಡಲು ಶುರು ಮಾಡಿ ಆಸ್ಪತ್ರೆ ಕಟ್ಟಿದರು. ಇಸಬೆಲ್ಲಾ ಅದೇ ವರ್ಷ ಏಪ್ರಿಲ್‌ನಲ್ಲಿ ಲಕ್ನೋದ ಅಮೀನಾಬಾದ್ ಬಜಾರಿನಲ್ಲಿ ಆರು ಹುಡುಗಿಯರನ್ನು ಕೂರಿಸಿಕೊಂಡು ಶಾಲೆ ತೆರೆದರು. ಅದೇ ಮುಂದೆ ಇಸಬೆಲ್ಲಾ ಥೋಬರ್ನ್ ಕಾಲೇಜು ಆಯಿತು.

ಇಸಬೆಲ್ಲಾ ಅವರದ್ದೇ ಒಂದು ಸಂಗತಿ ನಿಮಗೆ ನೆನಪು ಮಾಡಬೇಕು. ಅವರ ಅಣ್ಣ ಜೇಮ್ಸ್ ಥೋಬರ್ನ್ ಆಗಲೇ ಇಲ್ಲಿ ಮಿಷನರಿ, ಮುಂದೆ ಬಿಷಪ್ ಆದವರು. ತಂಗಿ ಬಂದ ಹೊಸತರಲ್ಲಿ ಅಣ್ಣ ತನ್ನ ಪತ್ರಗಳನ್ನು ನಕಲು ಮಾಡುವ ಕೆಲಸ ಕೊಟ್ಟರು. ತಂಗಿ ಮೊದಲು ಮಾಡಿದರು. ಆಮೇಲೆ, ಇದಕ್ಕೆ ಒಬ್ಬ ನಕಲುಗಾರನನ್ನು ಇಟ್ಟುಕೊಳ್ಳುವುದು ವಾಸಿ ಅಂತ ತಿಳಿಸಿದರು. ಹೆಣ್ಣಿನ ಸಮಯಕ್ಕೂ ಗಂಡಸಿನ ಸಮಯದಷ್ಟೇ ಬೆಲೆ ಇದೆ ಅಂತ ತಾನು ಅವತ್ತು ಕಲಿತೆ ಅಂತ ಆ ಅಣ್ಣನೇ ಮುಂದೆ ಬರೆದಿಟ್ಟಿದ್ದಾರೆ. ಅವರಿಬ್ಬರ ಸಹೋದರಿ ಎಲೆನ್ ಅವರ ಹೆಸರಿನಲ್ಲೇ ಕೋಲಾರದ ನಮ್ಮ ಇ.ಟಿ.ಸಿ.ಎಂ. ಆಸ್ಪತ್ರೆ ಇದೆ, ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಹೀಗೆ ಹೆಣ್ಣುಮಕ್ಕಳು ಕಟ್ಟಿದ ಸಭೆಯಲ್ಲಿ, ಒಂದು ಹುಡುಗಿಯ ಫೀಸಿಗೆ ಹೆಣ್ಣುಮಕ್ಕಳು ತಾವೇ ಕೊಟ್ಟ ಹಣಕ್ಕಾಗಿ ಅರ್ಜಿ ಹಿಡಿದು ಕಾಯಬೇಕೇ?

ಈಗ ಊರಲ್ಲಿ ನಡೆಯುವ ಕೆಲಸದ ಬಗ್ಗೆ. ನಮ್ಮ ಪಾಸ್ಟರಿಗೆ ಹಲವು ಹಳ್ಳಿಗಳಿವೆ. ಒಂದು ಕಡೆ ಆರಾಧನೆ ಮುಗಿಸಿ ಮೋಟಾರ್ ಸೈಕಲ್ ಹತ್ತಿ ಇನ್ನೊಂದು ಕಡೆ ಓಡುತ್ತಾರೆ. ನಿಜಕ್ಕೂ ದುಡಿಯುತ್ತಾರೆ, ಅದನ್ನು ಗೌರವದಿಂದಲೇ ಹೇಳುತ್ತೇನೆ. ಆದರೆ ರಾತ್ರಿ ಹತ್ತಕ್ಕೆ ಕುಡಿದು ಬಂದ ಗಂಡ ಹೆಂಡತಿಯನ್ನು ಹೊಡೆದು ಹೊರಗೆ ನೂಕಿದಾಗ ಆಕೆ ಹೋಗುವುದು ಯಾರ ಮನೆಗೆ? ನಮ್ಮ ಓಣಿಯಲ್ಲಿ ಅಂಥ ಒಂದು ರಾತ್ರಿ ಒಬ್ಬಳು ಸೊಸೆ ಕೈಗೂಸನ್ನು ಎತ್ತಿಕೊಂಡು ಆ ಎಪ್ಪತ್ತು ದಾಟಿದ ಅವ್ವನ ಬಾಗಿಲು ಬಡಿದಳು. ಅವ್ವ ಏನೂ ಕೇಳಲಿಲ್ಲ. ಕೂಸನ್ನು ತಗೊಂಡು ಮಲಗಿಸಿದಳು, ಅವಳ ತುಟಿಯ ರಕ್ತ ಒರೆಸಿ ಅರಿಶಿನ ಹಚ್ಚಿದಳು. ಬೆಳಿಗ್ಗೆ ಆ ಹುಡುಗನ ಮನೆಗೆ ಹೋಗಿ ಅಂಗಳದಲ್ಲೇ ನಿಂತು, "ನಿಮ್ಮವ್ವ ಇಲ್ಲ ಅಂತ ತಿಳಕೊಂಡಿ ಏನು? ನಾ ಇದ್ದೀನಿ" ಅಂದಳು. ಆ ಕೆಲಸಕ್ಕೆ ಸಭೆಯ ಯಾವ ಪುಸ್ತಕದಲ್ಲೂ ಹೆಸರಿಲ್ಲ. ಅವ್ವನಿಗೆ ಸಭೆ ಕೊಟ್ಟಿರುವ ಕೆಲಸ ಅಂದರೆ ಕ್ರಿಸ್ಮಸ್ ಊಟಕ್ಕೆ ಈರುಳ್ಳಿ ಹೆಚ್ಚುವುದು.

ಹೆಣ ತೊಳೆದು ಸಿದ್ಧ ಮಾಡುವವರು ನಾವು. ಬಾಣಂತಿಯ ಕೋಣೆಗೆ ಹೋಗಿ ಪ್ರಾರ್ಥನೆ ಮಾಡುವವರು ನಾವು. ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋದವರ ಮಕ್ಕಳನ್ನು ಅಜ್ಜಿಯರ ಜೊತೆ ಸೇರಿ ಸಂಡೇ ಸ್ಕೂಲಿಗೆ ಎಳೆದು ತರುವವರು ನಾವು. ಹದಿನಾರಕ್ಕೇ ಮದುವೆ ನಿಶ್ಚಯ ಮಾಡಿದ ಮನೆಗೆ ಹೋಗಿ ಬೈಸಿಕೊಂಡು ಬರುವವರೂ ನಾವೇ. ಇದನ್ನೇ ಸ್ತ್ರೀಯರ ಸೇವೆ ಅಂತ ಗುರುತಿಸಿ ಅಂತ ಕೇಳುತ್ತಿದ್ದೇವೆ. ಇದಕ್ಕೆ ತರಬೇತಿ ಕೊಡಿ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾನೂನು ಏನು ಹೇಳುತ್ತದೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಏನಾಗುತ್ತದೆ, ತಾಲೂಕಿನಲ್ಲಿ ಯಾರನ್ನು ಕಾಣಬೇಕು ಅಂತ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡುವವರು ಬೇಕು. ಬರೀ "ಪ್ರಾರ್ಥನೆ ಮಾಡಿ, ತಾಳಿಕೊಳ್ಳಿ" ಅಂತ ಕಳಿಸಿಕೊಡುವುದನ್ನು ನಿಲ್ಲಿಸಿ. ಪ್ರಾರ್ಥನೆ ನಾವು ಮಾಡೇ ಮಾಡುತ್ತೇವೆ.

ಮೊದಲು ಇದಕ್ಕಾಗಿಯೇ ನಮ್ಮ ಸಭೆಗಳಲ್ಲಿ ಬೈಬಲ್ ವುಮನ್ ಅಂತ ಇರುತ್ತಿದ್ದರು. ಬಿಳಿ ಸೀರೆ ಉಟ್ಟು, ಚೀಲದಲ್ಲಿ ವೇದಪುಸ್ತಕ ಇಟ್ಟುಕೊಂಡು ಊರಿಂದೂರಿಗೆ ನಡೆಯುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಎಷ್ಟೋ ಅಜ್ಜಿಯರಿಗೆ ಅಕ್ಷರ ಕಲಿಸಿದ್ದು ಅವರು, ಕೂಸುಗಳಿಗೆ ಶುಚಿ ಹೇಳಿಕೊಟ್ಟದ್ದು ಅವರು. ಸಂಬಳ ಕಡಿಮೆಯಾದರೂ ಅದು ಕೆಲಸ ಅಂತ ಎಲ್ಲರೂ ಒಪ್ಪಿದ್ದರು. ನಮ್ಮಲ್ಲಿ ಈಗ ಆ ಹುದ್ದೆ ಇಲ್ಲ. ಹುದ್ದೆ ಹೋಯಿತು, ಕೆಲಸ ಉಳಿಯಿತು, ಅದನ್ನು ಸಂಬಳವಿಲ್ಲದೆ ಹೇಗೋ ನಡೆಸುತ್ತಿದ್ದೇವೆ.

ವೇಳೆಯ ಬಗ್ಗೆ ಒಂದು ಮಾತು. ಸಂಘದ ಕೂಟ ಗುರುವಾರ ಮಧ್ಯಾಹ್ನ ಎರಡಕ್ಕೆ ಅಂತ ಯಾರೋ ಯಾವಾಗಲೋ ಇಟ್ಟಿದ್ದಾರೆ. ಆ ಹೊತ್ತಿಗೆ ಮನೆಯಲ್ಲಿ ಇರುವವರು ನೌಕರಿ ಮಾಡುವವರ ಹೆಂಡತಿಯರು ಕೆಲವರು ಮಾತ್ರ. ಉಳಿದವರು ಹೊಲದಲ್ಲಿ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಕೂಟಕ್ಕೆ ಬಾ ಅಂದರೆ ಯಾರು ಬರುತ್ತಾರೆ? ಬರಲಿಲ್ಲ ಅಂತ "ನಮ್ಮ ಹೆಣ್ಣುಮಕ್ಕಳಿಗೆ ಭಕ್ತಿ ಇಲ್ಲ" ಅನ್ನುತ್ತಾರೆ. ರಾತ್ರಿ ಎಂಟಕ್ಕೆ ಓಣಿಯಲ್ಲೇ, ಯಾರದಾದರೂ ಕಟ್ಟೆಯ ಮೇಲೆ ಕೂಟ ಇಟ್ಟು ನೋಡಿ. ನಾವು ನೋಡಿದ್ದೇವೆ. ಜಾಗ ಸಾಲುವುದಿಲ್ಲ.

ಇದಕ್ಕೂ ಮೆಥೋಡಿಸ್ಟರಲ್ಲಿ ಹಳೆಯ ದಾರಿ ಇದೆ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸುವ ಮಾತು ಬಂದಾಗ, ಒಬ್ಬೊಬ್ಬ ಸದಸ್ಯರು ವಾರಕ್ಕೆ ಒಂದು ಪೆನ್ನಿ ಕೊಡಬೇಕು, ಹನ್ನೆರಡು ಮಂದಿಗೆ ಒಬ್ಬರು ಮನೆಮನೆಗೆ ಹೋಗಿ ಕೂಡಿಸಬೇಕು ಅಂತ ಆಯಿತು. ಹಣ ಕೇಳಲು ಹೋದವರಿಗೆ ಮನೆಗಳ ಕಷ್ಟ ಕಣ್ಣಿಗೆ ಬಿತ್ತು. ಇದೇ ನನಗೆ ಬೇಕಾಗಿದ್ದು ಅಂತ ವೆಸ್ಲಿ ಕಂಡುಕೊಂಡರು. ಅಲ್ಲಿಂದ ಸುಮಾರು ಹನ್ನೆರಡು ಮಂದಿಯ ಗುಂಪು ಒಬ್ಬ ಲೀಡರ ಜೊತೆ ವಾರವಾರ ಕೂಡುವ ಕ್ಲಾಸ್ ಮೀಟಿಂಗ್ ಬಂತು, ಆ ಕ್ಲಾಸುಗಳ ಲೀಡರುಗಳಲ್ಲಿ ಎಷ್ಟೋ ಜನ ಹೆಂಗಸರೇ ಇದ್ದರು. ನಮ್ಮ ಒಂದೊಂದು ಓಣಿಗೆ ಅಂಥ ಒಬ್ಬ ಲೀಡರಮ್ಮನನ್ನು ಸಭೆಯ ಮುಂದೆ ಪ್ರಾರ್ಥಿಸಿ ನೇಮಿಸಿದರೆ, ಪಾಸ್ಟರು ಬದಲಾದರೂ ಕೆಲಸ ನಿಲ್ಲುವುದಿಲ್ಲ.

ಎದುರು ಮಾತುಗಳು ನಮಗೆ ಗೊತ್ತು. ಹೆಂಗಸರು ಸೇರಿದರೆ ಜಗಳ ಅನ್ನುತ್ತಾರೆ. ಗಂಡಸರ ಕಮಿಟಿಯಲ್ಲೂ ಜಗಳ ಆಗಿದೆ, ಅದಕ್ಕಾಗಿ ಕಮಿಟಿಯೇ ಬೇಡ ಅಂತ ಯಾರೂ ಹೇಳಲಿಲ್ಲ. ಓದಿಲ್ಲ ಅನ್ನುತ್ತಾರೆ. ಈಗ ನಮ್ಮ ಸಭೆಯಲ್ಲಿ ಡಿಗ್ರಿ ಮಾಡಿದ ಹುಡುಗಿಯರಿದ್ದಾರೆ, ಅವರನ್ನು ವೇದಪಾಠ ಓದಲು ಕೂಡ ಕರೆಯುವುದಿಲ್ಲ. ವರ್ಷಕ್ಕೊಮ್ಮೆ ಸ್ತ್ರೀಯರ ಭಾನುವಾರ ಬಂದಾಗ ಮಾತ್ರ ನಮಗೆ ವೇದಿಕೆ. ಅವತ್ತು ಒಂದೇ ಬಣ್ಣದ ಸೀರೆ, ಫೋಟೋ, ಮುಗಿಯಿತು. ಅಂಥ ಹುಡುಗಿಯರು ಒಬ್ಬೊಬ್ಬರಾಗಿ ಬೇರೆ ಪ್ರಾರ್ಥನಾ ಮಂದಿರಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರ ಕೈಗೆ ಮೈಕು ಕೊಡುತ್ತಾರೆ, ಗುಂಪು ನಡೆಸಲು ಬಿಡುತ್ತಾರೆ. ಹೋದರು ಅಂತ ಬೈಯುವ ಮೊದಲು ಯಾಕೆ ಹೋದರು ಅಂತ ಯಾರಾದರೂ ಕೇಳಿದ್ದೀರಾ?

ಸಭೆಯಲ್ಲಿ ಸ್ತ್ರೀಯರು ಸುಮ್ಮನಿರಬೇಕು ಅನ್ನುವ ಅಪೊಸ್ತಲ ಪೌಲನ ಮಾತು ಎತ್ತುವವರೂ ಇದ್ದಾರೆ. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಫೊಯಿಬೆಯನ್ನು ಸಭೆಯ ಸೇವಕಿ ಅಂತ ಪರಿಚಯಿಸಿ, ಆಕೆಗೆ ಬೇಕಾದ ಸಹಾಯ ಮಾಡಿ ಅಂತ ಬರೆಯುತ್ತಾನೆ. ಜಾನ್ ವೆಸ್ಲಿಯವರ ಮನೆಯಲ್ಲೇ ಇದರ ಉತ್ತರ ಇದೆ. 1712ರ ಚಳಿಗಾಲದಲ್ಲಿ ತಂದೆ ಲಂಡನ್ನಿನಲ್ಲಿದ್ದಾಗ ತಾಯಿ ಸುಸನ್ನಾ ಎಪ್‌ವರ್ತಿನ ಮನೆಯಲ್ಲಿ ಭಾನುವಾರ ಸಂಜೆ ಮಕ್ಕಳಿಗೆ ಪ್ರಸಂಗ ಓದಿ ಹೇಳುತ್ತಿದ್ದರು. ಅಕ್ಕಪಕ್ಕದವರು ಬಂದರು, ನೋಡನೋಡುತ್ತ ಇನ್ನೂರು ಮಂದಿ ಆದರು. ನಿಲ್ಲಿಸು ಅಂತ ಗಂಡನ ಪತ್ರ ಬಂತು. ಆಕೆಯ ಉತ್ತರದ ತಾತ್ಪರ್ಯ ಇಷ್ಟು: ನಿಲ್ಲಿಸಿದರೆ ಚೆನ್ನ ಅಂತ ಸುಮ್ನೆ ಹೇಳಬೇಡಿ, ಸ್ಪಷ್ಟವಾಗಿ ಆಜ್ಞೆ ಮಾಡಿ, ಆಗ ಕ್ರಿಸ್ತನ ನ್ಯಾಯಾಸನದ ಮುಂದೆ ಈ ಜನರ ಲೆಕ್ಕ ನನ್ನ ಮೇಲೆ ಬರುವುದಿಲ್ಲ. ಆ ಮಕ್ಕಳಲ್ಲಿ ಎಂಟು ವರ್ಷದ ಜಾನ್ ಕೂಡ ಒಬ್ಬ. ಅವನೇ ದೊಡ್ಡವನಾದ ಮೇಲೆ, 1761ರಲ್ಲಿ ಸಾರಾ ಕ್ರಾಸ್ಬಿ ಅನ್ನುವ ಕ್ಲಾಸ್ ಲೀಡರು ಡರ್ಬಿ ಊರಿನಲ್ಲಿ ಇನ್ನೂರರಷ್ಟು ಜನ ಸೇರಿದ್ದರಿಂದ ಎದ್ದು ಮಾತಾಡಬೇಕಾಯಿತು, ತಪ್ಪೇ ಅಂತ ಕೇಳಿದಾಗ, ನೀವು ಮಿತಿ ಮೀರಿಲ್ಲ ಅಂತ ಉತ್ತರ ಬರೆದ. 1956ರಲ್ಲಿ ಅಮೆರಿಕದ ಮೆಥೋಡಿಸ್ಟ್ ಸಭೆ ಸ್ತ್ರೀಯರಿಗೆ ಪಾಸ್ಟರುಗಳ ಪೂರ್ಣ ಹಕ್ಕು ಕೊಟ್ಟಿತು. ಭಾರತದ ಮೆಥೋಡಿಸ್ಟ್ ಸಭೆ 1981ರಲ್ಲಿ ಸ್ವತಂತ್ರವಾಗುವ ಮೊದಲು ಅದೇ ಸಭೆಯ ಭಾಗವಾಗಿತ್ತು. ವೇದದ ಪ್ರಶ್ನೆ ನಮ್ಮ ಸಭೆಯಲ್ಲಿ ತೀರಿ ಎಷ್ಟೋ ವರ್ಷವಾಯಿತು. ಉಳಿದಿರುವುದು ಮನಸ್ಸು ಮಾಡುವುದು.

ಇನ್ನು ನಮ್ಮ ಕೋರಿಕೆಗಳು.

ಸಂಘದ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿಯನ್ನು ಸಂಘದ ಸದಸ್ಯೆಯರೇ ಚೀಟಿ ಹಾಕಿ ಆರಿಸುವಂತೆ ಎಲ್ಲ ಪಾಸ್ಟರೇಟುಗಳಿಗೂ ಲಿಖಿತ ಸೂಚನೆ ಕೊಡಿ. ಪಾಸ್ಟರಮ್ಮನವರು ನಿಲ್ಲಬೇಕೋ ಬೇಡವೋ ಅನ್ನುವುದು ಅವರ ಇಷ್ಟಕ್ಕೆ ಬಿಡಿ.

ಹಿಡಿ ಅಕ್ಕಿಯ ಹಣಕ್ಕೆ ಸಂಘದ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆಯಲು ಒಪ್ಪಿಗೆ ಕೊಡಿ. ಇಬ್ಬರು ಸದಸ್ಯೆಯರ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಗೆ ಬರಬಾರದು. ವರ್ಷಕ್ಕೊಮ್ಮೆ ಆರಾಧನೆ ಮುಗಿದ ಮೇಲೆ ಸಭೆಯ ಎಲ್ಲರ ಮುಂದೆ ನಾವು ಲೆಕ್ಕ ಓದುತ್ತೇವೆ, ಆಡಿಟ್ಟಿಗೂ ಕೊಡುತ್ತೇವೆ. ಸಭೆಯ ಕಟ್ಟಡಕ್ಕೆ ಅಗತ್ಯ ಬಿದ್ದರೆ ನಮ್ಮನ್ನು ಕೇಳಿ, ಕೊಡುತ್ತೇವೆ. ಇಷ್ಟು ವರ್ಷ ಯಾವತ್ತೂ ಇಲ್ಲ ಅಂದಿಲ್ಲ.

ಪಾಸ್ಟರೇಟ್ ಕಮಿಟಿಯಲ್ಲಿ ಮೂರರಲ್ಲಿ ಒಂದು ಪಾಲು ಸ್ತ್ರೀಯರಿರಲಿ, ಪಾಸ್ಟರಮ್ಮನವರನ್ನು ಬಿಟ್ಟು. ಕಮಿಟಿ ಕೂಡುವ ಹೊತ್ತನ್ನು ಅವರೂ ಬರಲು ಆಗುವಂತೆ ಇಡಿ.

ಒಂದೊಂದು ಪಾಸ್ಟರೇಟಿಗೂ ಒಬ್ಬ ಬೈಬಲ್ ವುಮನ್ ಬೇಕು, ಸಂಬಳದ ಮೇಲೆ. ಪೂರ್ತಿ ಸಂಬಳ ಕಾನ್ಫರೆನ್ಸಿಗೆ ಕಷ್ಟವಾದರೆ ಅರ್ಧ ಭಾರವನ್ನು ಸಂಘ ಹೊರಲು ತಯಾರಿದೆ. ನಮ್ಮ ಹಣ ನಮ್ಮ ಕೈಗೆ ಬಂದರೆ ಅದು ಆಗದ ಮಾತಲ್ಲ. ಓಣಿಯ ಲೀಡರಮ್ಮಗಳಿಗೆ ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ತರಬೇತಿ ಆಗಬೇಕು. ಸುಗ್ಗಿ ಮುಗಿದ ಮೇಲೆ ಇಟ್ಟರೆ ಎಲ್ಲರೂ ಬರುತ್ತಾರೆ.

ತಿಂಗಳಿಗೆ ಒಂದು ಭಾನುವಾರ ಆರಾಧನೆ ನಡೆಸುವುದನ್ನು ಸ್ತ್ರೀಯರಿಗೆ ಬಿಡಿ. ಕಾನ್ಫರೆನ್ಸಿಗೆ ಲೇ ಡೆಲಿಗೇಟ್, ಅಂದರೆ ಪಾಸ್ಟರಲ್ಲದ ಸದಸ್ಯರ ಪ್ರತಿನಿಧಿ, ಕಳಿಸುವಾಗಲೂ ಸ್ತ್ರೀಯರ ಹೆಸರು ಸೂಚಿಸಲು ಅವಕಾಶ ಕೊಡಿ.

ನಮ್ಮ ಜೊತೆ ಸಹಿ ಹಾಕದ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳಬೇಕು. "ನಮಗ್ಯಾಕೆ ಕಮಿಟಿ ಉಸಾಬರಿ" ಅಂತ ಕೆಲವರು ಅನ್ನುತ್ತೀರಿ. ಮನೆಯಲ್ಲಿ ಬೇಡ ಅಂದಿರಬಹುದು, ಅದು ನಮಗೆ ಅರ್ಥವಾಗುತ್ತದೆ. ಸಹಿ ಬೇಡ, ಕೂಟಕ್ಕೆ ಬನ್ನಿ ಸಾಕು.

ಸಭಾಪಾಲಕರೇ, ನೀವು ಇದನ್ನು ನಿಮ್ಮ ವಿರುದ್ಧದ ಪತ್ರ ಅಂತ ಓದಬಾರದು. ನಿಮ್ಮ ಹೆಗಲ ಮೇಲಿನ ಅರ್ಧ ಹೊರೆ ಹೊರಲು ಮುಂದೆ ಬಂದವರ ಪತ್ರ ಇದು. ನಾವು ಸಭೆ ಬಿಟ್ಟು ಹೋಗುವವರಲ್ಲ. ಕೋರ್ಟಿಗೆ ಹೋಗುವವರೂ ಅಲ್ಲ.

ಜಿಲ್ಲಾ ಮೇಲ್ವಿಚಾರಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಜಿಲ್ಲಾ ಕಾನ್ಫರೆನ್ಸಿನ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಮೊದಲ ದಿನವೇ, ಊಟಕ್ಕೆ ಮುಂಚೆ ಇಡಿ. ನಮ್ಮ ಇಬ್ಬರು ಪ್ರತಿನಿಧಿಗಳಿಗೆ ಅಲ್ಲಿ ಮಾತಾಡಲು ಅವಕಾಶ ಕೊಡಿ. ಅದಕ್ಕೂ ಮೊದಲು ನೀವೇ ನಮ್ಮೂರಿಗೆ ಬರುವುದಾದರೆ ತುಂಬಾ ಸಂತೋಷ. ರಾತ್ರಿ ಎಂಟರ ನಂತರ ಬನ್ನಿ, ಆಗ ಹೊಲಕ್ಕೆ ಹೋದವರೂ ಸಿಗುತ್ತಾರೆ. ರಿಜಿಸ್ಟರು, ಲೆಕ್ಕದ ಪುಸ್ತಕ, ಕೊಟ್ಟ ಮನವಿಯ ಪ್ರತಿ ಎಲ್ಲವನ್ನೂ ತೆಗೆದಿಟ್ಟಿರುತ್ತೇವೆ. ಉತ್ತರವನ್ನು ದಯಮಾಡಿ ಬರವಣಿಗೆಯಲ್ಲಿ ಕೊಡಿ. ಕೂಟದಲ್ಲಿ ಎಲ್ಲರಿಗೂ ಓದಿ ಹೇಳಬೇಕು.

ಕ್ರಿಸ್ತನ ಸೇವೆಯಲ್ಲಿ ನಿಮ್ಮ ಸಹೋದರಿ,
ಸ್ತ್ರೀಯರ ಸಂಘದ ಎಲ್ಲ ಸದಸ್ಯೆಯರ ಪರವಾಗಿ